ಬೆನ್ನ ಹಿಂದಿನ ‘ಕಟಕ್’ ಮತ್ತು ವಾಲಿ ಕೇಳಿದ ಪ್ರಶ್ನೆ

(ಕಥೆ, ಚಿತ್ರಕಥೆ ಬರೆಯೋ ಹುಡುಗ ಹುಡುಗಿಯರ ಒಂದು ಕಮ್ಮಟದಲ್ಲಿ ಮಾತಾಡಿದ್ದು. ಮಾತಾಡಿದ ಹಾಗೇ ಬರೆದಿದೀನಿ, ಕೊನೇಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದೀನಿ.)

ಎಲ್ಲರಿಗೂ ನಮಸ್ಕಾರ. ನೇರ ವಿಷಯಕ್ಕೇ ಬರ್ತೀನಿ. 1882ನೇ ಇಸವಿ ಏಪ್ರಿಲ್ 3, ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಜೋಸೆಫ್ ಅನ್ನೋ ಊರು, ಅಲ್ಲೊಂದು ಬಾಡಿಗೆ ಮನೆ. ಥಾಮಸ್ ಹೋವರ್ಡ್ ಅಂತ ಸುಳ್ಳು ಹೆಸರಿಟ್ಕೊಂಡು ಹೆಂಡತಿ ಮಕ್ಕಳ ಜೊತೆ ಅಲ್ಲಿದ್ದವನು ಜೆಸ್ಸಿ ಜೇಮ್ಸ್. ಬ್ಯಾಂಕು, ರೈಲು ದೋಚಿ ದೇಶಕ್ಕೆಲ್ಲ ಹೆಸರು ಗೊತ್ತಾಗಿದ್ದ ದರೋಡೆಕೋರ, ವಯಸ್ಸು 34. ಅವತ್ತು ಸೆಖೆ ಅಂತ ಕೋಟು ತೆಗೆದ, ಕೋಟಿಲ್ಲದೆ ಸೊಂಟದಲ್ಲಿರೋ ಪಿಸ್ತೂಲು ಹೊರಗಡೆ ಓಡಾಡೋರಿಗೆ ಕಂಡುಬಿಟ್ರೆ ಕಷ್ಟ ಅಂತ ಅದನ್ನೂ ಬಿಚ್ಚಿಟ್ಟ, ಆಮೇಲೆ ಗೋಡೆ ಮೇಲಿದ್ದ ಪಟದ ಧೂಳು ಒರೆಸೋಕೆ ಕುರ್ಚಿ ಹತ್ತಿದ. ರೂಮಲ್ಲಿ ಇನ್ನಿಬ್ಬರಿದ್ರು, ಅವನದೇ ಗುಂಪಿನ ಅಣ್ಣ ತಮ್ಮ, ಚಾರ್ಲಿ ಫೋರ್ಡ್ ಮತ್ತು ರಾಬರ್ಟ್ ಫೋರ್ಡ್. ತಮ್ಮನಿಗೆ ಆಗ 20 ವರ್ಷ. ಗವರ್ನರ್ ಕಡೆಯಿಂದ ದೊಡ್ಡ ಬಹುಮಾನದ ಮಾತಾಗಿತ್ತು.

ರಾಬರ್ಟ್ ಫೋರ್ಡ್ ಆಮೇಲೆ ಹೇಳಿದ ಪ್ರಕಾರ, ಅವನು ಹೆಬ್ಬೆರಳಲ್ಲಿ ರಿವಾಲ್ವರ್‌ನ ಕುದುರೆಯನ್ನ, ಅಂದ್ರೆ ತೋಟಾಕ್ಕೆ ಬಡಿಯೋ ಹಿಂದಿನ ಸುತ್ತಿಗೆಯನ್ನ, ಹಿಂದಕ್ಕೆ ಎಳೆದಾಗ ಆದ ಸದ್ದು ಜೆಸ್ಸಿಗೆ ಕೇಳಿಸ್ತು, ಅದೇನು ಅಂತ ಅವನಿಗೆ ಗೊತ್ತಾಗಿ ತಲೆ ತಿರುಗಿಸೋಕೆ ಹೊರಟ, ಅಷ್ಟರಲ್ಲಿ ಗುಂಡು ಹಾರಿ ಆಗಿತ್ತು.

ಸದ್ದಿಗೂ ಗುಂಡಿಗೂ ನಡುವೆ ಎಷ್ಟು ಹೊತ್ತಿತ್ತು ಹೇಳಿ? ತಲೆ ಅರ್ಧ ತಿರುಗೋಷ್ಟು. ನಿಜ ಜೀವನದಲ್ಲಿ ಬೆನ್ನ ಹಿಂದೆ ಆ ಸದ್ದು ಕೇಳಿದವನಿಗೆ ಸಿಗೋದು ಅಷ್ಟೇ. ನಾವು ಕಥೆ ಬರೆಯೋರು, ಸಿನಿಮಾ ಮಾಡೋರು ಆ ಅರ್ಧ ತಿರುಗೋ ಹೊತ್ತನ್ನ ಹಿಡ್ಕೊಂಡು ಎಳೆದೂ ಎಳೆದೂ ಎರಡು ನಿಮಿಷದ ಸೀನ್ ಮಾಡ್ಕೊಂಡಿದೀವಿ. ಕತ್ತಲೆ ಗೋಡೌನು, ಒಬ್ಬ ಬೀರು ತೆಗೆದು ಫೈಲ್ ಹುಡುಕ್ತಿದಾನೆ, ಹಿಂದಿಂದ ‘ಕಟಕ್’, ಇವನ ಕೈ ನಿಲ್ಲುತ್ತೆ, ‘ನಿಧಾನಕ್ಕೆ ತಿರುಗು’ ಅಂತ ಒಂದು ದನಿ. ಇದನ್ನ ನೀವೂ ನೋಡಿರ್ತೀರಿ, ಬರೆದೂ ಇರ್ತೀರಿ. ಈ ಕಮ್ಮಟಕ್ಕೆ ಬಂದ ಕಥೆಗಳಲ್ಲೂ ಇದೆ, ಅದಕ್ಕೇ ಈ ವಿಷಯ ತಗೊಂಡೆ.

ಇದು ಸವಕಲಾಗಿದೆ, ಬಿಟ್ಟುಬಿಡಿ ಅಂತ ಹೇಳೋಕೆ ನಾನು ಬಂದಿಲ್ಲ. ನನಗೆ ಈ ಸೀನ್ ಮೇಲೆ ತುಂಬ ಗೌರವ ಇದೆ. ಯಾಕಂದ್ರೆ ಸರಿಯಾಗಿ ನೋಡಿದ್ರೆ ಆ ಸದ್ದು ಬಂದೂಕಿನ ವಿಷಯವೇ ಅಲ್ಲ, ಅದು ಆ ಪಾತ್ರ ಆಡಿದ ಮೊದಲನೇ ಡೈಲಾಗು. ‘ನಿನ್ನ ಬೆನ್ನು ನನಗೆ ಕಾಣ್ತಿತ್ತು, ಹೊಡೆದುಬಿಡಬಹುದಿತ್ತು, ಹೊಡೀಲಿಲ್ಲ’ ಅಂತ ಬಾಯಿ ಬಿಡದೇ ಹೇಳ್ತಿದಾನೆ. ಹಳ್ಳಿ ಮನೆಗಳಲ್ಲಿ ಹಿರಿಯರು ಒಳಗೆ ಬರೋ ಮುಂಚೆ ಬಾಗಿಲಲ್ಲಿ ನಿಂತು ಕೆಮ್ಮುತಿದ್ರಲ್ಲ, ಒಳಗಿರೋರು ಸೆರಗು ಸರಿ ಮಾಡ್ಕೊಳ್ಳಲಿ, ಮಾತು ನಿಲ್ಲಿಸೋದಿದ್ರೆ ನಿಲ್ಲಿಸಲಿ ಅಂತ, ಅದೇ ಜಾತಿಯ ಸದ್ದು ಇದು. ಎದುರಿಗಿರೋನಿಗೆ ಒಂದು ಅವಕಾಶ ಕೊಡೋದು. ಹಾಗಾಗಿ ಈ ಸೀನ್ ಬರೆಯೋ ಪ್ರತಿಯೊಬ್ಬರೂ ಒಂದು ಪ್ರಶ್ನೆಗೆ ಉತ್ತರ ಇಟ್ಕೊಂಡಿರಬೇಕು: ಇವನು ಯಾಕೆ ಹೊಡೀಲಿಲ್ಲ?

ಇದು ನಮಗೆ ಹೊಸ ಪ್ರಶ್ನೆ ಏನಲ್ಲ. ಕಿಷ್ಕಿಂಧೆಯಲ್ಲಿ ವಾಲಿ ಬಿದ್ಕೊಂಡು ಕೇಳಿದ್ದು ಇದರ ಇನ್ನೊಂದು ಮುಖ. ನಾನು ಸುಗ್ರೀವನ ಜೊತೆ ಹೊಡೆದಾಡ್ತಿದ್ದೆ, ನೀನು ಮರೆಯಲ್ಲಿ ನಿಂತು ಬಾಣ ಬಿಟ್ಟೆ, ಎದುರಿಗೆ ಬಂದು ನಿಂತಿದ್ರೆ ಏನಾಗ್ತಿತ್ತು ಅಂತ. ರಾಮ ಉತ್ತರ ಕೊಟ್ಟ, ತಮ್ಮನ ಹೆಂಡತಿಯನ್ನ ಇಟ್ಕೊಂಡವನು ನೀನು, ಅದೂ ಅಲ್ಲದೆ ಬೇಟೆಯಾಡೋರು ಮೃಗವನ್ನ ಮರೆಯಲ್ಲಿ ನಿಂತು ಹೊಡೆಯೋದು ತಪ್ಪಲ್ಲ ಅಂತ. ವಾಲ್ಮೀಕಿ ರಾಮಾಯಣದಲ್ಲಿ ವಾಲಿ ಕೊನೆಗೆ ಅದನ್ನ ಒಪ್ಕೊಳ್ತಾನೆ. ಓದೋರು ಒಪ್ಕೊಂಡಿದಾರಾ? ಇವತ್ತಿಗೂ ತಾಳಮದ್ದಳೆಯಲ್ಲಿ ವಾಲಿ ಪಾತ್ರದ ಅರ್ಥಧಾರಿ ಆ ಒಂದು ಪ್ರಶ್ನೆ ಇಟ್ಕೊಂಡು ರಾಮನನ್ನ ಬಿಡದೆ ಹಿಡಿದು ನಿಲ್ಲಿಸ್ತಾನೆ, ಜನ ನಿದ್ದೆಗೆಟ್ಟು ಕೇಳ್ತಾರೆ. ಸದ್ದು ಮಾಡದೆ ಹಿಂದಿನಿಂದ ಹೊಡೆದ್ರೆ, ಹೊಡೆದವನು ಸಾಕ್ಷಾತ್ ರಾಮನೇ ಆದ್ರೂ, ಪ್ರಶ್ನೆ ಉಳಿಯುತ್ತೆ.

ಅಮೆರಿಕದಲ್ಲೂ ಹಾಗೇ ಆಯ್ತು. 1876 ಆಗಸ್ಟ್ 2ಕ್ಕೆ ಡೆಡ್‌ವುಡ್ ಅನ್ನೋ ಗಣಿ ಊರಲ್ಲಿ ವೈಲ್ಡ್ ಬಿಲ್ ಹಿಕಾಕ್ ಅನ್ನೋ ಹೆಸರಾಂತ ಬಂದೂಕುಗಾರ ಇಸ್ಪೀಟ್ ಆಡ್ತಾ ಕೂತಿದ್ದ. ಯಾವಾಗಲೂ ಗೋಡೆಗೆ ಬೆನ್ನು ಕೊಟ್ಟು ಕೂರೋ ಮನುಷ್ಯ, ಅವತ್ತು ಆ ಜಾಗ ಸಿಗಲಿಲ್ಲ. ಜ್ಯಾಕ್ ಮಕಾಲ್ ಹಿಂದಿನಿಂದ ಬಂದು ತಲೆಗೆ ಹೊಡೆದ. ಮಕಾಲ್‌ನನ್ನ 1877ರಲ್ಲಿ ಗಲ್ಲಿಗೆ ಹಾಕಿದ್ರು. ಫೋರ್ಡ್ ಅಣ್ಣತಮ್ಮಂದಿರಿಗೆ ಗಲ್ಲು ಶಿಕ್ಷೆ ಆಗಿ, ಗವರ್ನರ್ ಅವತ್ತೇ ಕ್ಷಮಾದಾನ ಕೊಟ್ಟ, ಆದ್ರೆ ಜನ ಕೊಡಲಿಲ್ಲ. ದರೋಡೆಕೋರ ಹೀರೋ ಆದ, ಕಾನೂನಿನ ಪರವಾಗಿ ಅವನನ್ನ ಕೊಂದವನು ಹಾಡುಗಳಲ್ಲಿ ಹೇಡಿ ಅಂತ ಉಳ್ಕೊಂಡ. ಹತ್ತು ವರ್ಷ ಆದ್ಮೇಲೆ, 1892ರ ಜೂನ್ 8ಕ್ಕೆ, ಕೊಲರಾಡೋದ ಕ್ರೀಡ್ ಊರಲ್ಲಿ ಅದೇ ರಾಬರ್ಟ್ ಫೋರ್ಡ್ ತನ್ನ ಡೇರೆಯ ಸಲೂನಲ್ಲಿ ನಿಂತಿದ್ದಾಗ ಎಡ್ವರ್ಡ್ ಓಕೆಲಿ ಅನ್ನೋನು ಶಾಟ್‌ಗನ್ ಹಿಡ್ಕೊಂಡು ಬಂದ. ಹಿಂದಿನಿಂದ ‘ಹಲೋ ಬಾಬ್’ ಅಂದ, ಫೋರ್ಡ್ ತಿರುಗಿದ, ಆಮೇಲೆ ಹೊಡೆದ ಅಂತ ಹೇಳ್ತಾರೆ. ಆ ಎರಡು ಪದ ಯಾಕೆ ಬೇಕಿತ್ತು ಅವನಿಗೆ? ನನಗೆ ಅನ್ನಿಸೋದು, ಓಕೆಲಿಗೆ ಇನ್ನೊಬ್ಬ ರಾಬರ್ಟ್ ಫೋರ್ಡ್ ಆಗೋಕೆ ಇಷ್ಟ ಇರಲಿಲ್ಲ.

ವೆಸ್ಟರ್ನ್, ಅಂದ್ರೆ ಕೌಬಾಯ್ ಕಥೆಗಳು, ಸಿನಿಮಾಗಳು ಹುಟ್ಟಿದ್ದೇ ಈ ನೆನಪಿನ ಮೇಲೆ. ಹೀರೋ ಬೆನ್ನಿಗೆ ಹೊಡೆಯೋ ಹಾಗಿಲ್ಲ. ಆದ್ರೆ ಕಥೆಗೆ ಅವನು ಹಿಂದಿನಿಂದ ಬರಲೇಬೇಕು, ಇಲ್ಲಾಂದ್ರೆ ಅಷ್ಟು ಜನರ ಮಧ್ಯೆ ಒಬ್ಬನೇ ಹೇಗೆ ಗೆಲ್ತಾನೆ. ಹಾಗಾಗಿ ಹಿಂದೆ ಬಂದು ನಿಂತು, ಹೊಡೆಯದೆ, ಕುದುರೆ ಎಳೀತಾನೆ. ವಾಲಿಗೆ ಕೊಡಬೇಕಾಗಿದ್ದ ಉತ್ತರ ಆ ಒಂದು ಸದ್ದಲ್ಲಿ ಇದೆ.

ಇನ್ನು ನಿಜವಾಗಲೂ ಕೊಲ್ಲೋಕೆ ಅಂತಲೇ ಬಂದವನು? ಅವನು ಸದ್ದು ಮಾಡಲ್ಲ. ಕುರುಕ್ಷೇತ್ರ ಮುಗಿದ ರಾತ್ರಿ ಅಶ್ವತ್ಥಾಮ ಪಾಂಡವರ ಪಾಳಯಕ್ಕೆ ನುಗ್ಗಿದಾಗ ಕತ್ತಲಲ್ಲಿ ಹೋದ, ಮಲಗಿದ್ದ ಧೃಷ್ಟದ್ಯುಮ್ನನ್ನ ತುಳಿದು ಕೊಂದ, ಆಯುಧದಿಂದಾದ್ರೂ ಕೊಲ್ಲು ಅಂದ್ರೂ ಕೇಳಲಿಲ್ಲ. ನಿಮ್ಮ ವಿಲನ್ ಅಂಥವನು ಅಂತ ಹತ್ತು ಪುಟ ಬರೆದು ಹನ್ನೊಂದನೇ ಪುಟದಲ್ಲಿ ಅವನ ಕೈಲಿ ‘ಕಟಕ್’ ಅನ್ನಿಸಿ ಹೀರೋಗೆ ಟೈಮ್ ಕೊಟ್ರೆ, ಆ ಹತ್ತು ಪುಟ ಸುಳ್ಳಾಗುತ್ತೆ. ಓದೋರಿಗೆ ಕಾರಣ ಗೊತ್ತಾಗದೇ ಇರಬಹುದು, ಆದ್ರೆ ಭಯ ಮಾತ್ರ ಹೊರಟುಹೋಗುತ್ತೆ.

ಈಗ ಯಂತ್ರದ ವಿಷಯಕ್ಕೆ ಬರೋಣ. ಇಲ್ಲಿ ನನಗೆ ಸ್ವಲ್ಪ ಜಾಸ್ತಿ ಹೊತ್ತು ಬೇಕು, ಯಾಕಂದ್ರೆ ಬರೆಯೋರು ಎಡವೋದು ಇಲ್ಲೇ.

1873ರಲ್ಲಿ ಬಂದ ಕೋಲ್ಟ್ ಸಿಂಗಲ್ ಆಕ್ಷನ್ ರಿವಾಲ್ವರ್ ತಗೊಳ್ಳಿ, ವೆಸ್ಟರ್ನ್ ಸಿನಿಮಾದಲ್ಲಿ ಎಲ್ಲರ ಸೊಂಟದಲ್ಲೂ ನೇತಾಡೋದು ಅದೇ. ಅದರ ಟ್ರಿಗರ್‌ಗೆ ಕುದುರೆಯನ್ನ ಬಿಡೋದು ಮಾತ್ರ ಗೊತ್ತು, ಎತ್ತೋದು ಗೊತ್ತಿಲ್ಲ. ಪ್ರತಿ ಗುಂಡಿಗೂ ಹೆಬ್ಬೆರಳಲ್ಲಿ ಕುದುರೆ ಹಿಂದಕ್ಕೆ ಎಳೀಲೇಬೇಕು. ಹಾಗೆ ಎಳೆದಾಗ ಬರೋದು ಒಂದು ಸದ್ದಲ್ಲ, ನಾಲ್ಕು. ಮೊದಲು ಸೇಫ್ಟಿ ಕಚ್ಚು, ಆಮೇಲೆ ತೋಟಾ ತುಂಬೋ ಅರ್ಧ ಎತ್ತರದ ಕಚ್ಚು, ಆಮೇಲೆ ಒಳಗಿನ ಬೋಲ್ಟು ತಿರುಗೋ ಸಿಲಿಂಡರಿಗೆ ಕಚ್ಕೊಳ್ಳೋದು, ಕೊನೆಗೆ ಪೂರ್ತಿ ಎತ್ತಿ ನಿಲ್ಲೋದು. ಆ ಬಂದೂಕಿನ ಅಭಿಮಾನಿಗಳು ಇದನ್ನ ಕೋಲ್ಟ್ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರ ಅಂತಾರೆ. ಅಂದ್ರೆ ಆ ಕಾಲದ, ಆ ಊರಿನ ಕಥೆಯಲ್ಲಿ ಬೆನ್ನ ಹಿಂದೆ ಆ ಸದ್ದು ಬರೋದು ನೂರಕ್ಕೆ ನೂರು ನಿಜ. ಮತ್ತೆ ಅದು ಬಂದ್ರೆ ಬಂದೂಕು ಈಗಷ್ಟೇ ತಯಾರಾಯ್ತು ಅಂತಲೂ ಅರ್ಥ, ಜೆಸ್ಸಿಗೆ ಗೊತ್ತಾಗಿದ್ದು ಅದೇ.

ಇನ್ನೊಂದು ಜಾತಿ ಡಬಲ್ ಆಕ್ಷನ್ ರಿವಾಲ್ವರ್. ಇಲ್ಲಿ ಟ್ರಿಗರ್ ಎಳೆದ್ರೆ ಅದೇ ಕುದುರೆ ಎತ್ತುತ್ತೆ, ಅದೇ ಬಿಡುತ್ತೆ. ಹೆಬ್ಬೆರಳ ಕೆಲಸ ಬೇಕಾಗಿಲ್ಲ, ಆದ್ರೆ ಬೇಕಂದ್ರೆ ಮಾಡಬಹುದು, ಮಾಡಿದ್ರೆ ಏನು ಲಾಭ ಅಂದ್ರೆ ಟ್ರಿಗರ್ ಹಗುರ ಆಗುತ್ತೆ. ಸುಮಾರು ಐದು ಕಿಲೋ ಭಾರ ಎಳೆಯೋ ಕಡೆ ಎರಡು ಕಿಲೋಗಿಂತ ಕಮ್ಮಿ ಸಾಕಾಗುತ್ತೆ, ಗುರಿ ಅಲುಗಾಡಲ್ಲ. ಇದು ಬರೆಯೋರಿಗೆ ದೊಡ್ಡ ಉಪಕಾರ. ಯಾಕಂದ್ರೆ ಈಗ ಆ ಸದ್ದು ಪಾತ್ರ ಬಂದಾಗಲೇ ಬರಬೇಕು ಅಂತಿಲ್ಲ. ಬಂದೂಕು ಆಗಲೇ ತೋರಿಸಿ ಆಗಿದೆ, ಮಾತು ನಡೀತಿದೆ, ಎದುರಿಗಿರೋನು ಒಂದು ಸುಳ್ಳು ಹೇಳ್ದ, ಆಗ ಹೆಬ್ಬೆರಳು ಕುದುರೆ ಎಳೀತು. ಇನ್ನು ಬೆರಳು ಸ್ವಲ್ಪ ನಡುಗಿದ್ರೂ ಸಾಕು ಅನ್ನೋ ಸ್ಥಿತಿಗೆ ಬಂದ್ವಿ. ದನಿ ಏರಿಸದೇನೇ ಬೆದರಿಕೆ ಏರಿತು. ಇದೇ ಕಾರಣಕ್ಕೆ, ಆಕಸ್ಮಿಕವಾಗಿ ಗುಂಡು ಹಾರೋದು ತಪ್ಪಿಸೋಕೆ, ನ್ಯೂಯಾರ್ಕ್, ಲಾಸ್ ಏಂಜಲೀಸ್ ಪೊಲೀಸರು ತಮ್ಮ ರಿವಾಲ್ವರ್‌ಗಳ ಕುದುರೆ ಎತ್ತಿ ನಿಲ್ಲಿಸೋಕೇ ಆಗದ ಹಾಗೆ ಮಾಡಿಸಿದ್ರು. ಪೊಲೀಸ್ ಪಾತ್ರ ಬರೆಯೋರು ಇದನ್ನ ತಲೇಲಿ ಇಟ್ಕೊಳ್ಳಿ.

ಆಮೇಲೆ ಗ್ಲಾಕ್. 1982ರಲ್ಲಿ ಆಸ್ಟ್ರಿಯಾ ಸೈನ್ಯ ತಗೊಂಡ ಪಿಸ್ತೂಲು, ಈಗ ಎಲ್ಲ ವೆಬ್ ಸೀರೀಸ್‌ನಲ್ಲೂ ಅದೇ. ಅದಕ್ಕೆ ಕುದುರೆಯೇ ಇಲ್ಲ, ಎಳೆಯೋಕೆ ಏನೂ ಇಲ್ಲ, ಒಳಗೆ ತೋಟಾಕ್ಕೆ ಬಡಿಯೋ ಒಂದು ಸ್ಟ್ರೈಕರ್ ಅಷ್ಟೇ. ಆದ್ರೂ ಸಿನಿಮಾದಲ್ಲಿ ಗ್ಲಾಕ್ ಎತ್ತಿ ಹಿಡಿದ ತಕ್ಷಣ ‘ಕಟಕ್’ ಅನ್ನುತ್ತೆ. ಇನ್ನು ಕೆಲವರು ಸ್ಲೈಡ್, ಅಂದ್ರೆ ಪಿಸ್ತೂಲಿನ ಮೇಲಿನ ಜಾರೋ ಭಾಗ, ಎಳೆದು ಬಿಡ್ತಾರೆ, ‘ಶ್ರಕ್ ಶ್ರಕ್’ ಅಂತ, ಶಾಟ್‌ಗನ್ ಆದ್ರೆ ಪಂಪ್ ಎಳೀತಾರೆ. ಕೇಳೋಕೆ ಚೆನ್ನಾಗೇ ಇರುತ್ತೆ. ಆದ್ರೆ ಯೋಚನೆ ಮಾಡಿ, ಸ್ಲೈಡ್ ಎಳೆಯೋದು ಮೊದಲನೇ ತೋಟಾವನ್ನ ನಳಿಗೆಗೆ ಏರಿಸೋಕೆ. ಶತ್ರುವಿನ ಮನೆ ಕಾಂಪೌಂಡು ಹಾರಿ, ಮೂರು ರೂಮು ದಾಟಿ, ಅವನ ಬೆನ್ನ ಹಿಂದೆ ಬಂದು ನಿಂತ ಮೇಲೆ ಇದನ್ನ ಮಾಡಿದ್ರೆ, ಇಷ್ಟು ಹೊತ್ತು ನಾನು ಗುಂಡೇ ಏರಿಸದ ಪಿಸ್ತೂಲು ಹಿಡ್ಕೊಂಡು ಓಡಾಡ್ತಿದ್ದೆ ಅಂತ ಹೇಳಿದ ಹಾಗಾಯ್ತು. ಮೊದಲೇ ಏರಿಸಿದ್ರೆ, ಈಗ ಎಳೆದಾಗ ಒಂದು ಒಳ್ಳೆ ತೋಟಾ ಹೊರಗೆ ಹಾರಿ ನೆಲದ ಮೇಲೆ ಉರುಳಬೇಕು. ಅದನ್ನೂ ಯಾರೂ ತೋರಿಸಲ್ಲ.

ಇಷ್ಟು ಗಲಾಟೆ ಎಲ್ಲಿಂದ ಬಂತು ಅಂದ್ರೆ ಸೌಂಡ್ ಸ್ಟುಡಿಯೋದಿಂದ. ಮೂಕಿ ಸಿನಿಮಾ ಕಾಲದಲ್ಲಿ ಈ ಸೀನ್ ಹೀಗೆ ಮಾಡೋಕೇ ಆಗ್ತಿರಲಿಲ್ಲ, ನಳಿಗೆಯನ್ನ ಬೆನ್ನಿಗೆ ಒತ್ತಿ ತೋರಿಸಬೇಕಿತ್ತು. 1927ರ ನಂತರ ಮಾತು ಬಂತು, ಸದ್ದು ಬಂತು. ಯೂನಿವರ್ಸಲ್ ಸ್ಟುಡಿಯೋದಲ್ಲಿ ಜ್ಯಾಕ್ ಫೋಲಿ ಅನ್ನೋರು ಪರದೆ ನೋಡ್ತಾ ಹೆಜ್ಜೆ ಸದ್ದು, ಬಟ್ಟೆ ಸದ್ದು ಎಲ್ಲ ಮಾಡಿ ಸೇರಿಸೋ ಪದ್ಧತಿ ತಂದ್ರು, ಇವತ್ತಿಗೂ ಆ ಕೆಲಸಕ್ಕೆ ಅವರದೇ ಹೆಸರು. ನಮ್ಮ ಸಿನಿಮಾಗಳಲ್ಲೂ ದಶಕಗಟ್ಟಲೆ ಮಾತು, ಸದ್ದು ಎರಡೂ ಡಬ್ಬಿಂಗ್ ಥಿಯೇಟರ್‌ನಲ್ಲೇ ಸೇರ್ತಿದ್ದಿದ್ದು. ಎಫೆಕ್ಟ್ಸ್ ಮಾಡೋರು ಅಪ್ಪಟ ಕಲಾವಿದರು, ಅವರ ಬಗ್ಗೆ ನನಗೆ ದೂರಿಲ್ಲ. ಆದ್ರೆ ಒಂದು ಸಲ ಆ ಸದ್ದು ಟೇಪಿನಲ್ಲಿ ಸಿಕ್ಕಮೇಲೆ ಅದನ್ನ ಯಾವ ಬಂದೂಕಿಗಾದ್ರೂ ಅಂಟಿಸಬಹುದು ಅಂತ ಆಯ್ತು, ಪಿಸ್ತೂಲು ಅಲ್ಲಾಡಿದಾಗೆಲ್ಲ ಅಂಟಿಸಿದ್ರು, ಅಲ್ಲಿಗೆ ಹೊಡೀಬಹುದಿತ್ತು ಹೊಡೀಲಿಲ್ಲ ಅನ್ನೋ ಮಾತು ಅದರಿಂದ ಸೋರಿಹೋಯ್ತು.

ಸದ್ದನ್ನ ಸರಿಯಾಗಿ ಅರ್ಥ ಮಾಡ್ಕೊಂಡ ಒಬ್ಬರು ಇಟಲಿಯ ನಿರ್ದೇಶಕ ಸೆರ್ಜಿಯೋ ಲಿಯೋನೆ. 1966ರ ‘ದ ಗುಡ್, ದ ಬ್ಯಾಡ್ ಆಂಡ್ ದ ಅಗ್ಲಿ’ಯಲ್ಲಿ ಟೂಕೋ ಅನ್ನೋ ದರೋಡೆಕೋರ ಬಂದೂಕಿನ ಅಂಗಡಿಗೆ ಹೋಗಿ ಬೇರೆಬೇರೆ ರಿವಾಲ್ವರ್ ಬಿಚ್ಚಿ, ಸಿಲಿಂಡರ್ ಕಿವಿ ಹತ್ರ ಹಿಡಿದು ತಿರುಗಿಸಿ ಕೇಳಿ, ತನಗೆ ಬೇಕಾದ್ದನ್ನ ಜೋಡಿಸ್ಕೊಳ್ತಾನೆ. ಅದೇ ಸಿನಿಮಾದಲ್ಲಿ ಅವನು ಸ್ನಾನದ ತೊಟ್ಟಿಯಲ್ಲಿ ಕೂತಿದ್ದಾಗ ಹಳೇ ವೈರಿ ಬಂದೂಕು ಹಿಡ್ಕೊಂಡು ಒಳಗೆ ಬಂದು, ನಿನ್ನನ್ನ ಎಷ್ಟು ದಿನದಿಂದ ಹುಡುಕ್ತಿದ್ದೆ ಅಂತ ಭಾಷಣ ಶುರು ಮಾಡ್ತಾನೆ. ಟೂಕೋ ನೊರೆ ಒಳಗಿಂದಲೇ ಗುಂಡು ಹಾರಿಸಿ, ಹೊಡೆಯೋದಿದ್ರೆ ಹೊಡಿ, ಮಾತಾಡಬೇಡ ಅನ್ನೋ ಅರ್ಥದ ಮಾತು ಹೇಳ್ತಾನೆ. ಜನ ಅದನ್ನ ತಮಾಷೆ ಅಂತ ನೆನಪಿಟ್ಕೊಂಡಿದಾರೆ, ನನಗೆ ಅದು ವಿಮರ್ಶೆ ಅನ್ಸುತ್ತೆ. ಬಂದವನಿಗೆ ಹೊಡೆಯದೇ ಇರೋಕೆ ಯಾವ ಕಾರಣವೂ ಇರಲಿಲ್ಲ, ತನ್ನ ಖುಷಿಗೆ ಮಾತಾಡ್ತಿದ್ದ, ಅದಕ್ಕೇ ಸತ್ತ.

ಇನ್ನೊಂದು ವಿಷಯ ಬೇಗ ಹೇಳಿಬಿಡ್ತೀನಿ. ಬಂದೂಕು ಹಿಡಿದವನನ್ನ ಎದುರಿನವನ ಬೆನ್ನಿಗೆ ಅಂಟಿಸಿ ನಿಲ್ಲಿಸಬೇಡಿ. 1983ರಲ್ಲಿ ಡೆನ್ನಿಸ್ ಟ್ಯೂಲರ್ ಅನ್ನೋ ಅಮೆರಿಕದ ಪೊಲೀಸ್ ಅಧಿಕಾರಿ ಬರೆದಿದ್ರು, 21 ಅಡಿ ದೂರದಲ್ಲಿರೋನು ಒಂದೂವರೆ ಸೆಕೆಂಡಲ್ಲಿ ಮೈಮೇಲೆ ಬೀಳಬಲ್ಲ ಅಂತ. ಒಂದು ಅಡಿ ದೂರದಲ್ಲಿ ನಿಂತೋನ ಕಥೆ ಏನು. ಕೆಲಸ ಗೊತ್ತಿರೋ ಪಾತ್ರ ರೂಮಿನ ಆ ಮೂಲೆಯಲ್ಲೇ ನಿಂತಿರುತ್ತೆ.

ಸರಿ, ಹಾಗಾದ್ರೆ ಬರೆಯೋದು ಹೇಗೆ? ಇದಕ್ಕೆ ನನ್ನ ಗುರು ರನ್ನ. ಸಾವಿರ ವರ್ಷದ ಹಿಂದಿನ ಗದಾಯುದ್ಧ ನೆನಪಿಸ್ಕೊಳ್ಳಿ. ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದಾನೆ, ದಡದಲ್ಲಿ ಭೀಮ ಬಂದು ಗರ್ಜಿಸ್ತಾನೆ. ಆ ಗರ್ಜನೆ ಸಿಂಹದ್ದನ್ನೂ ಗುಡುಗನ್ನೂ ಮೀರಿಸ್ತು ಅಂತ ರನ್ನ ಹೇಳ್ತಾನೆ ನಿಜ, ಆದ್ರೆ ಸ್ಕೂಲಲ್ಲಿ ಓದಿದ ಎಲ್ಲರಿಗೂ ನೆನಪಿರೋದು ಅದಲ್ಲ, ನೀರೊಳಗಿದ್ದೂ ದುರ್ಯೋಧನ ಬೆವೆತ ಅನ್ನೋದು. ಸದ್ದು ಮಾಡಿದವನನ್ನ ಬಿಟ್ಟು ಕೇಳಿಸ್ಕೊಂಡವನ ಚರ್ಮದ ಹತ್ರ ಹೋದ. ಅದೂ ಕೋಪದಿಂದ ಕೆಂಪಾದ ಕಣ್ಣಿನ ದುರ್ಯೋಧನ, ಹೆದರಿ ಬೆವೆತನೋ ಸಿಟ್ಟಿಗೆ ಬೆವೆತನೋ ಅಂತ ಮೇಷ್ಟ್ರುಗಳು ಇವತ್ತಿಗೂ ವಾದ ಮಾಡ್ತಾರೆ. ನಿಮ್ಮ ‘ಕಟಕ್’ ಬಂದಾಗ ಕ್ಯಾಮೆರಾ ಆಗಲಿ ವಾಕ್ಯ ಆಗಲಿ ಹಿಂದೆ ತಿರುಗಬಾರದು, ಮುಂದೆ ಇರೋನ ಕತ್ತು, ಕೈ, ಉಸಿರಿನ ಜೊತೆಯಲ್ಲೇ ಇರಬೇಕು.

ಒಂದು ಉದಾಹರಣೆ, ನಾನೇ ಕಟ್ಟಿದ್ದು. ಮಲೆನಾಡಿನಲ್ಲಿ ಏಲಕ್ಕಿ ಒಣಗಿಸೋ ಒಂದು ಗೂಡು, ರಾತ್ರಿ. ಒಬ್ಬ ಚೀಲದ ಬಾಯಿ ಬಿಚ್ಚುತಿದಾನೆ. ‘ಹಿಂದಿನಿಂದ ಕಟಕ್ ಎಂಬ ಸದ್ದು ಬಂತು. ಅವನು ಬೆಚ್ಚಿಬಿದ್ದ.’ ಹೀಗೆ ಬರೆದ್ರೆ ಏನೂ ಆಗಲಿಲ್ಲ. ಈಗ ಹೀಗೆ ನೋಡಿ: ಗಂಟು ಅರ್ಧ ಬಿಚ್ಚಿದಾನೆ, ಹಿಂದೆ ಸದ್ದು ಆಯ್ತು, ಒಂದು ಸಲ ಗಟ್ಟಿಯಾಗಿ, ಇನ್ನೊಂದು ಸಲ ಮೆತ್ತಗೆ, ಯಾಕಂದ್ರೆ ಆ ಜೋಡು ನಳಿಗೆ ಕೋವಿಯ ಎಡಗಡೆ ಕುದುರೆಯ ಸ್ಪ್ರಿಂಗು ಮೊದಲಿಂದಲೂ ಸಡಿಲ, ಅದನ್ನ ರಿಪೇರಿಗೆ ಪೇಟೆಗೆ ಹೊತ್ಕೊಂಡು ಹೋಗಿದ್ದವನು ಇವನೇ. ಇವನು ತಿರುಗಲ್ಲ. ಬಿಚ್ಚಿದ ಗಂಟನ್ನ ಮತ್ತೆ ಕಟ್ಟೋಕೆ ಶುರು ಮಾಡ್ತಾನೆ. ಕಟ್ತಾ ಕಟ್ತಾ ‘ಮಾವ, ಅತ್ತೆಗೆ ಹೇಳ್ಬೇಡಿ’ ಅಂತಾನೆ.

ಇಲ್ಲಿ ಸದ್ದಿಗೆ ಒಬ್ಬರ ಹೆಸರಿದೆ. ಮಾವ ಯಾಕೆ ಹೊಡೀಲಿಲ್ಲ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮುಖ ಕಾಣೋಕ್ಕಿಂತ ಮುಂಚೆ ಪಾತ್ರ ಪ್ರವೇಶ ಮಾಡ್ತು. ಯಕ್ಷಗಾನದಲ್ಲಿ ಬಣ್ಣದ ವೇಷ ಬರೋದು ಹಾಗೇ ಅಲ್ವಾ, ಮೊದಲು ಆರ್ಭಟ ಕೇಳುತ್ತೆ, ಆಮೇಲೆ ತೆರೆ, ಆಮೇಲೆ ಎಷ್ಟೋ ಹೊತ್ತಿಗೆ ಮುಖ. ಸಂಸ್ಕೃತ ನಾಟಕದಲ್ಲೂ ಇದೆ, ಮುದ್ರಾರಾಕ್ಷಸದ ಶುರುವಲ್ಲಿ ಸೂತ್ರಧಾರ ಚಂದ್ರಗ್ರಹಣದ ಮಾತಾಡ್ತಿದ್ರೆ, ನಾನಿರೋವಾಗ ಚಂದ್ರನನ್ನ ಹಿಡಿಯೋನು ಯಾರು ಅಂತ ಚಾಣಕ್ಯನ ದನಿ ಪರದೆ ಹಿಂದಿಂದ ಬರುತ್ತೆ. ಸೂತ್ರಧಾರ ಜಾಗ ಖಾಲಿ ಮಾಡ್ತಾನೆ. ಚಾಣಕ್ಯ ಇನ್ನೂ ರಂಗಕ್ಕೇ ಬಂದಿಲ್ಲ.

ಕೊನೇಲಿ ಒಂದೆರಡು ಪ್ರಶ್ನೆ ಬಂದಿದ್ವು. ಒಬ್ಬ ಹುಡುಗಿ ಕೇಳಿದ್ರು, ನನ್ನ ಕಥೆ ಇವತ್ತಿನ ಬೆಂಗಳೂರು, ಪಾತ್ರದ ಹತ್ರ ಗ್ಲಾಕ್ ಇದೆ, ಸದ್ದೇ ಇಲ್ಲ ಅಂದ್ರೆ ಏನು ಮಾಡ್ಲಿ ಸರ್ ಅಂತ. ಓಕೆಲಿ ಮಾಡಿದ್ದನ್ನ ಮಾಡಿಸಿ ಅಂದೆ, ಹೆಸರು ಹಿಡಿದು ಕರೆಸಿ. ಅದೂ ಮನೇಲಿ ಕರೆಯೋ ಹೆಸರು, ಆಫೀಸಲ್ಲಿ ಯಾರಿಗೂ ಗೊತ್ತಿಲ್ಲದ್ದು. ಪಿಸ್ತೂಲು ಇದೆ ಅಂತ ಆಮೇಲೆ ಗೊತ್ತಾಗಲಿ.

ಇನ್ನೊಬ್ಬರು ಕೊಡಗಿನೋರು, ನಮ್ಮ ಕಡೆ ಕೋವಿ ಅಂದ್ರೆ ಬೆದರಿಕೆ ಅಲ್ಲ, ಕೈಲ್ ಪೊಳ್ದ್‌ ಹಬ್ಬಕ್ಕೆ ಪೂಜೆ ಮಾಡ್ತೀವಿ, ಗಂಡು ಮಗು ಹುಟ್ಟಿದ್ರೆ ಒಂದು ಗುಂಡು, ಸಾವಾದ್ರೆ ಎರಡು ಗುಂಡು, ಊರಿಗೆ ಸುದ್ದಿ ಮುಟ್ಟೋದೇ ಹಾಗೆ, ಅಂಥ ಕಡೆ ಈ ಸೀನ್ ನಡೆಯುತ್ತಾ ಅಂದ್ರು. ಬಹಳ ಒಳ್ಳೆ ಪ್ರಶ್ನೆ. ಅಲ್ಲಿ ಇನ್ನೂ ಚೆನ್ನಾಗಿ ನಡೆಯುತ್ತೆ ಅಂತ ನನ್ನ ನಂಬಿಕೆ, ಯಾಕಂದ್ರೆ ಕೇಳಿಸ್ಕೊಳ್ಳೋರೆಲ್ಲರಿಗೂ ಆ ಸದ್ದು ಗೊತ್ತು, ಯಾವ ಮನೆ ಕೋವಿ ಅಂತಲೂ ಗೊತ್ತಿರಬಹುದು. ಎಲೆಕ್ಷನ್ ಬಂದಾಗ ಮಲೆನಾಡಿನ ರೈತರು ಲೈಸೆನ್ಸ್ ಕೋವಿಯನ್ನ ಸ್ಟೇಷನ್ನಿಗೆ ತಗೊಂಡೋಗಿ ಒಪ್ಪಿಸ್ಬೇಕಲ್ಲ, ಅಂಥ ದಿನಗಳಲ್ಲಿ ಕತ್ತಲೇಲಿ ಕುದುರೆ ಎಳೆದ ಸದ್ದು ಬಂದ್ರೆ, ಒಪ್ಪಿಸದೇ ಉಳಿದ ಕೋವಿ ಯಾರದ್ದು ಅನ್ನೋದೇ ಒಂದು ಕಥೆ. ಇಲ್ಲ ಮಳೆಗಾಲದಲ್ಲಿ ಇಡಿ. ಹಳೇ ಕೇಪಿನ ಕೋವಿ, ಕುದುರೆ ಬಡಿದಾಗ ಕಿಡಿ ಕೊಡೋ ಆ ಪುಟ್ಟ ಕೇಪು ಒದ್ದೆಯಾಗಿದ್ರೆ ಕುದುರೆ ಬಿದ್ರೂ ಗುಂಡು ಹಾರದೇ ಹೋಗಬಹುದು. ಹಿಂದೆ ನಿಂತವನಿಗೂ ಅದು ಗೊತ್ತು, ಮುಂದೆ ನಿಂತವನಿಗೂ ಗೊತ್ತು, ಸಂಜೆಯಿಂದ ಮಳೆ ಬಿಟ್ಟಿಲ್ಲ. ಆಗ ಮುಂದಿನವನು ತಿರುಗ್ತಾನಾ ಇಲ್ವಾ ಅಂತ ನೀವು ಬರ್ಕೊಂಡು ಬನ್ನಿ, ಮಧ್ಯಾಹ್ನದ ಸೆಷನ್‌ನಲ್ಲಿ ಓದೋಣ ಅಂದೆ. ಊಟಕ್ಕೆ ಬೆಲ್ ಆಯ್ತು.